ತ್ರಿವಿಕ್ರಮ ರಾಯರ ಹೆಸರಿನಲ್ಲಿ ಓದಿದ ವಾರ್ತೆ

ಕಳೆದ ಡಿಸೆಂಬರಿನಲ್ಲಿ ಚಳಿ ಜೋರಾಯಿತೆಂದು ಘಾಜಿಯಾಬಾದಿನ ನಮ್ಮ ಫ್ಲ್ಯಾಟಿನಲ್ಲಿ ಮಂಚದ ಕೆಳಗಿನ ಟ್ರಂಕು ಎಳೆದು ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ರಜಾಯಿ, ಸ್ವೆಟರು, ಮಂಕಿ ಕ್ಯಾಪು, ಎಲ್ಲದರ ತಳದಲ್ಲಿ ಕಂದು ಬಣ್ಣದ ಎರಡು ಉಣ್ಣೆಯ ಕೊಳವೆಗಳು. ಕಾಲುಚೀಲ ಅನ್ನೋಣವೆಂದರೆ ಪಾದವಿಲ್ಲ, ಕೈಗವಸು ಅನ್ನೋಣವೆಂದರೆ ಬೆರಳಿಲ್ಲ. ಸೊಸೆ ಎತ್ತಿ ಹಿಡಿದು, "ಅಮ್ಮಾ, ಯೇ ಕ್ಯಾ ಹೈ?" ಎಂದಳು.

"ಬಳೆಗೆ ಹಾಕೋ ಸ್ವೆಟರ್ ಕಣಮ್ಮ" ಎಂದೆ.

ಪಾಪ, ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅತ್ತೆಗೆ ವಯಸ್ಸಾಯಿತು ಎಂಬಂತೆ ನನ್ನನ್ನು ನೋಡಿ, ಅದನ್ನು ಮೆಲ್ಲಗೆ ಟ್ರಂಕಿನೊಳಗೆ ಇಟ್ಟುಬಿಟ್ಟಳು. ನಾನು ಮಾತ್ರ ಆ ವಾಸನೆ ಹಿಡಿದು ನೆಲದ ಮೇಲೆ ಕೂತೇ ಬಿಟ್ಟೆ. ಆ ಒಂದು ಚಳಿಗಾಲ ಪೂರ್ತಿ ನೆನಪಾಯಿತು. ಇಡೀ ಕರ್ನಾಟಕದೆದುರು ನಾನು ಮಾನ ಕಳೆದುಕೊಂಡ ಚಳಿಗಾಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮೆಟ್ರೋ ಇನ್ನೂ ಊರಿನ ಒಂದು ಕಡೆ ಮಾತ್ರ ಓಡುತ್ತಿದ್ದ ಕಾಲ. ನಾವು ದಿಲ್ಲಿಯ ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಯಜಮಾನರು ಒಂದು ಮಂತ್ರಾಲಯದಲ್ಲಿ ಫೈಲುಗಳ ನಡುವೆ ಇದ್ದರು, ಮಗ ಆದಿತ್ಯ ಐದನೇ ಕ್ಲಾಸು, ಅತ್ತೆ ನಮ್ಮ ಜೊತೆಗೇ. ನಾನು ಅಡಿಗೆಮನೆ ಮತ್ತು ಟ್ಯೂಷನ್ನಿನ ನಡುವೆ ಓಡಾಡಿಕೊಂಡು ಹತ್ತು ವರ್ಷ ಕಳೆದಿದ್ದೆ. ಆ ಮಳೆಗಾಲದಲ್ಲಿ ಸರಕಾರಿ ರೇಡಿಯೋದವರು ಕನ್ನಡ ವಾರ್ತೆ ಓದಲು ಕ್ಯಾಶುವಲ್ ಜನ ಬೇಕೆಂದು ಕರೆದರು. ತಿಂಗಳಿಗೆ ನಾಲ್ಕಾರು ದಿನದ ಡ್ಯೂಟಿ. ಪರೀಕ್ಷೆ ಬರೆದೆ, ಧ್ವನಿ ಪರೀಕ್ಷೆಯಲ್ಲಿ ಬಾಯಿಗೇ ಬಾರದ ವಿದೇಶಿ ಮಂತ್ರಿಗಳ ಹೆಸರುಗಳನ್ನೆಲ್ಲ ಉಸಿರು ಬಿಗಿಹಿಡಿದು ಓದಿದೆ, ಪಾಸಾದೆ.

ಯಾರಿಗೆ ಸಂತೋಷವಾಯಿತೋ ಇಲ್ಲವೋ, ದಾವಣಗೆರೆಯಲ್ಲಿದ್ದ ನಮ್ಮಪ್ಪನಿಗೆ ಮಾತ್ರ ಸ್ವರ್ಗ ಮೂರೇ ಗೇಣು. ಅಪ್ಪ ಹತ್ತಿ ಗಿರಣಿಯಲ್ಲಿ ಟೈಮ್ ಕೀಪರ್ ಆಗಿದ್ದವರು. ರೇಡಿಯೋದ ಪೀಪ್ ಪೀಪ್ ಸದ್ದಿಗೆ ಕೈಗಡಿಯಾರ ಸರಿಮಾಡಿಕೊಂಡು, ಆ ಗಡಿಯಾರ ನೋಡಿ ಗಿರಣಿಯ ಗಡಿಯಾರ ಸರಿಮಾಡುತ್ತಿದ್ದರು; ಅದನ್ನು ನೋಡಿ ಊರಿನ ಅರ್ಧ ಜನ ಊಟಕ್ಕೆ ಕೂರುತ್ತಿದ್ದರು. ಅವರಿಗೆ ರೇಡಿಯೋದಲ್ಲಿ ಬಂದದ್ದೇ ಸುದ್ದಿ, ಉಳಿದದ್ದೆಲ್ಲ ಹರಟೆ. ಅದರಲ್ಲೂ ದಿಲ್ಲಿಯಿಂದ ವಾರ್ತೆ ಓದುವ ತ್ರಿವಿಕ್ರಮ ರಾಯರೆಂದರೆ ಪ್ರಾಣ. ನಾನು ಐದಾರು ವರ್ಷದ ಮಗುವಾಗಿದ್ದಾಗ ಮನೆಗೆ ಯಾರೇ ಬರಲಿ, ಅಪ್ಪ ಒಂದು ಹಿತ್ತಾಳೆ ಚೊಂಬನ್ನು ನನ್ನ ಬಾಯಿಗೆ ಹಿಡಿಸಿ, "ವನೂ, ರಾಯರ ಥರ ಹೇಳು" ಅನ್ನುತ್ತಿದ್ದರು. ನಾನು ಚೊಂಬಿನೊಳಗೆ ಗಂಟಲು ದಪ್ಪ ಮಾಡಿ, "ವಾರ್ತೆಗಳು. ಓದುತ್ತಿರುವವರು ತ್ರಿವಿಕ್ರಮ ರಾವ್" ಅನ್ನುತ್ತಿದ್ದೆ. ಬಂದವರು ನಕ್ಕು ಕೈಗೆ ಬಿಸ್ಕತ್ತು ಕೊಡುತ್ತಿದ್ದರು. ಮದುವೆಯಾಗುವವರೆಗೂ ಈ ನಾಟಕ ನಡೆದಿತ್ತು, ಗಂಡಿನ ಕಡೆಯವರು ಬಂದ ದಿನ ಒಂದು ಬಿಟ್ಟು.

ಈಗ ಅಪ್ಪನಿಗೆ ಎಪ್ಪತ್ತೆಂಟು. ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಗದ್ದಲದಲ್ಲೇ ಇದ್ದರು, ಆದರೆ ಆ ಗದ್ದಲ ಅವರಿಗೆ ಕೇಳಿಸುತ್ತಿರಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೊರಡುವ ತಯಾರಿಯಲ್ಲಿತ್ತು. "ಬೇಸಿಗೆ ತನಕ ಕೇಳಿಸಿದರೆ ಹೆಚ್ಚು ಅಂದಿದಾನೆ ಡಾಕ್ಟ್ರು. ಅಷ್ಟರೊಳಗೆ ರೇಡಿಯೋದಲ್ಲಿ ನಿನ್ನ ಹೆಸರು ಒಂದ್ಸಲ ಕೇಳಿಬಿಡಬೇಕು ಕಣೇ" ಅಂದರು ಫೋನಿನಲ್ಲಿ. ವಾರ್ತೆ ಓದಬೇಕೆಂಬ ನನ್ನ ಆಸೆ ಆವತ್ತಿನಿಂದ ಅಪ್ಪನ ಕಿವಿಯ ಜೊತೆ ಓಟಕ್ಕೆ ನಿಂತಿತು.

ಇದರಲ್ಲಿ ಒಂದು ತಮಾಷೆಯಿತ್ತು. ದಿಲ್ಲಿಯಲ್ಲಿ ಓದುವ ಕನ್ನಡ ವಾರ್ತೆ ದಿಲ್ಲಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ! ನಾವು ಇಲ್ಲಿ ಓದಿದ್ದು ನೇರ ಕರ್ನಾಟಕಕ್ಕೆ ಹೋಗಿ ಅಲ್ಲಿನ ರೇಡಿಯೋಗಳಲ್ಲಿ ಬಾಯಿ ತೆರೆಯುತ್ತದೆ. ನಮ್ಮ ಬ್ಲಾಕಿನ ಹೆಂಗಸರು ಮಧ್ಯಾಹ್ನದ ಬಿಸಿಲಿಗೆ ಟೆರೇಸಿನಲ್ಲಿ ಬಟಾಣಿ ಸುಲಿಯುತ್ತಾ, "ವನಮಾಲಾಜೀ, ಹಮ್ ನೇ ತೋ ರೇಡಿಯೋ ಲಗಾಯಾ ಥಾ, ಆಪ್ ತೋ ಆಯೀ ನಹೀ" ಎನ್ನುತ್ತಿದ್ದರು. ರೇಡಿಯೋ ಹಾಕಿದರೂ ನಾನು ಬರಲಿಲ್ಲವೆಂದು ದೂರು. ನಾನಿನ್ನೂ ಓದೇ ಇರಲಿಲ್ಲ ಅನ್ನುವುದು ಬೇರೆ ಮಾತು. ಓದಿದರೂ ಕೇಳಿಸುವುದಿಲ್ಲ ಅಂದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಿದ್ದರು.

ರೇಡಿಯೋ ಕಟ್ಟಡದ ಆ ಕಾರಿಡಾರು ಒಂದು ಜಾತ್ರೆ. ಸಾಲಾಗಿ ಚಿಕ್ಕ ಚಿಕ್ಕ ಕೋಣೆಗಳು, ಒಂದೊಂದು ಕೋಣೆಗೆ ಒಂದೊಂದು ಭಾಷೆ. ಕಾರಿಡಾರಿನ ಆ ತುದಿಯಿಂದ ಇಂಗ್ಲಿಷ್ ಹಾಳೆ ಬರುತ್ತದೆ. ಮಂತ್ರಿಮಂಡಲ ವಿಸ್ತರಣೆ ಅಂತ ಅದರಲ್ಲಿದ್ದರೆ ಹತ್ತು ನಿಮಿಷದಲ್ಲಿ ತಮಿಳರ ಕೋಣೆಯಲ್ಲಿ, ಒರಿಯಾದವರ ಕೋಣೆಯಲ್ಲಿ, ಅಸ್ಸಾಮಿಯವರ ಕೋಣೆಯಲ್ಲಿ ಅದೇ ಮಂತ್ರಿಮಂಡಲ ಬೇರೆ ಬೇರೆ ಭಾಷೆಯಲ್ಲಿ ವಿಸ್ತರಣೆಯಾಗುತ್ತದೆ. ಮೇಲಿನ ಮಹಡಿಯಲ್ಲಿ ವಿದೇಶಗಳಿಗೆಂದೇ ಪ್ರಸಾರ. ಅಲ್ಲೊಬ್ಬರು ದಪ್ಪ ಕನ್ನಡಕದವರು ನಾನು ಹೆಸರೂ ಕೇಳದ ಭಾಷೆಯಲ್ಲಿ ಯಾವುದೋ ದೇಶಕ್ಕೆ ದಿನಾ ಸುದ್ದಿ ಹೇಳಿ, ಕೆಳಗೆ ಬಂದು ಆಲೂ ಪರಾಠಾ ತಿನ್ನುತ್ತಿದ್ದರು. ಟೀ ಹೊತ್ತಿಗೆ ಎಲ್ಲ ಭಾಷೆಯವರೂ ಕ್ಯಾಂಟೀನಿನಲ್ಲಿ ಸೇರಿ ಹಿಂದಿಯಲ್ಲಿ ಸರಕಾರವನ್ನು ಬೈಯುತ್ತಿದ್ದೆವು.

ಕನ್ನಡ ಕೋಣೆಯ ದೊರೆ ತ್ರಿವಿಕ್ರಮ ರಾಯರೇ. ಮೊದಲ ದಿನ ಅವರನ್ನು ಹುಡುಕಿಕೊಂಡು ಹೋದಾಗ ಹೀಟರಿನ ಪಕ್ಕ ಮಂಕಿ ಕ್ಯಾಪು, ಮಫ್ಲರು, ಎರಡು ಸ್ವೆಟರು ತೊಟ್ಟು ಕೂತಿದ್ದ ಸಣ್ಣ ಆಕೃತಿಯೊಂದನ್ನು, "ರಾಯರು ಇನ್ನೂ ಬಂದಿಲ್ವಾ?" ಅಂತ ಕೇಳಿಬಿಟ್ಟೆ. "ಬಂದಿದಾರೆ, ಹೇಳಿ" ಎಂದಿತು ಆಕೃತಿ. ಅಯ್ಯೋ ದೇವರೇ! ಅದೇ ಧ್ವನಿ! ಎರಡೂ ಕೈಯಲ್ಲಿ ಹಿಡಿದರೂ ಮಿಗುವಂಥ ಧ್ವನಿ ಆ ಪುಟ್ಟ ಮೈಯಿಂದ ಬಂತು. ಕೂತಿದ್ದ ಕುರ್ಚಿಯಿಂದ ಅವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಪೀತಮ್‌ಪುರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ ರಾಯರು ಜನವರಿ ಕೊನೆಗೆ ನಿವೃತ್ತರಾಗುವವರಿದ್ದರು. ಯುದ್ಧ, ಚುನಾವಣೆ, ಪ್ರವಾಹ, ಪ್ರಧಾನಿಗಳು ಬಂದದ್ದು ಹೋದದ್ದು ಎಲ್ಲವನ್ನೂ ಓದಿ ಮುಗಿಸಿದ್ದರು. "ಒಂದು ಕಾಲದಲ್ಲಿ ನಾನು ಕೆಮ್ಮಿದರೆ ಹುಬ್ಬಳ್ಳೀಲಿ ಗೊತ್ತಾಗ್ತಿತ್ತು. ಈಗ ಯಾರಮ್ಮ ಕೇಳ್ತಾರೆ? ಟಿ.ವಿ. ಬಂತು, ಎಫ್ಫೆಮ್ ಬಂತು. ನಾವು ಗೋಡೆಗೆ ಓದ್ತೀವಿ, ಗೋಡೆ ಕೇಳತ್ತೆ" ಎನ್ನುತ್ತಿದ್ದರು. ಆದರೂ ಬಿಗಿ ಮಾತ್ರ ಸಡಿಲಿಸಿದವರಲ್ಲ. ಓದುವ ದಿನ ಮೊಸರು ತಿನ್ನಬಾರದು. ಹಾಳೆ ಮಗುಚುವಾಗ ಸದ್ದಾಗಬಾರದು. ತಪ್ಪಾದರೆ ಹಿಂತಿರುಗಿ ನೋಡದೆ ಮುಂದೆ ಓದುತ್ತಾ ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ವಾರ್ತೆಯ ಆರಂಭದ ಸಾಲನ್ನು ಹಾಳೆಯಲ್ಲಿ ಬರೆದುಕೊಳ್ಳಬಾರದು. "ತನ್ನ ಹೆಸರನ್ನ ತಾನೇ ಬರೆದಿಟ್ಕೊಂಡು ಓದೋನು ವಾರ್ತಾವಾಚಕನೇನಮ್ಮ? ಅದು ಬಾಯಲ್ಲಿರಬೇಕು."

ಅದು ನನ್ನ ಬಾಯಲ್ಲಿತ್ತು. ಐದು ವರ್ಷದ ಮಗುವಾಗಿದ್ದಾಗಿನಿಂದ ಇತ್ತು. ಅದೇ ಆಮೇಲೆ ಮುಳುವಾಯಿತು.

ಇನ್ನೊಂದು ನಿಯಮ ನಮ್ಮ ಮನೆಯಲ್ಲಿ ದೊಡ್ಡ ರಾದ್ಧಾಂತವನ್ನೇ ಮಾಡಿತು. ಮೈಕಿನ ಮುಂದೆ ಗಾಜಿನ ಬಳೆ ಕೂಡದು. "ಮೈಕು ಅನ್ನೋದು ಅತ್ತೆಗಿಂತ ಸೂಕ್ಷ್ಮ ಕಣಮ್ಮ. ನೀನು ಉಸಿರು ಬಿಟ್ಟರೂ ಗೊತ್ತಾಗತ್ತೆ" ಎಂದರು ರಾಯರು. ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಎದ್ದು ನಿಂತರು.

"ಏನು, ಮುತ್ತೈದೆ ಕೈಯಿಂದ ಬಳೆ ಬಿಚ್ಚಿಸೋದಾ? ಸುದ್ದಿ ಓದೋಕೆ ಹೆಂಗಸು ಬೇಕು, ಹೆಂಗಸಿನ ಬಳೆ ಬೇಡವಂತಾ ಅವರಿಗೆ? ನಿನ್ನ ಗಂಡ ಇನ್ನೂ ಗುಂಡುಕಲ್ಲಿನ ಹಾಗೆ ಕೂತಿದಾನೆ!"

ಗುಂಡುಕಲ್ಲಿನ ಹಾಗೆ ಕೂತಿದ್ದವರು ಪೇಪರಿನಿಂದ ತಲೆಯೆತ್ತಿ, "ಹತ್ತು ನಿಮಿಷ ತಾನೇ ಅಮ್ಮ, ಹತ್ತು ನಿಮಿಷದಲ್ಲಿ ನನಗೇನಾಗತ್ತೆ?" ಎಂದರು. ಅತ್ತೆಯ ನೋಟಕ್ಕೆ ಮತ್ತೆ ಪೇಪರಿನೊಳಗೆ ಹೋದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೇ ದಿನ ಅತ್ತೆ ಟೆರೇಸಿನ ಬಿಸಿಲಲ್ಲಿ ಕೂತು ಕಂದು ಉಣ್ಣೆ ಹೆಣೆಯತೊಡಗಿದರು. ಸಂಜೆ ಹೊತ್ತಿಗೆ ಆ ಎರಡು ಕೊಳವೆಗಳನ್ನು ನನ್ನ ಮೊಣಕೈವರೆಗೆ ಏರಿಸಿ, ಬಳೆಗಳನ್ನೆಲ್ಲ ಒಳಗೆ ಸೇರಿಸಿ, "ಅಲ್ಲಾಡಿಸು ನೋಡೋಣ" ಎಂದರು. ಸದ್ದಿಲ್ಲ. "ಚಲೋ, ಹೋಗು. ಈಗ ಯಾವ ಮೈಕು ಏನು ಹೇಳತ್ತೋ ನೋಡ್ತೀನಿ" ಎಂದರು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನದ ವಾರ್ತೆ ನನ್ನ ಮೊದಲ ಡ್ಯೂಟಿ. ದಾವಣಗೆರೆಯಲ್ಲಿ ಅಪ್ಪ ಬೀದಿಯವರನ್ನೆಲ್ಲ ಕರೆದು ಕೇಸರಿಬಾತು ಮಾಡಿಸಿದ್ದರು. ಇಲ್ಲಿ ಅತ್ತೆಗೆ ಕೇಳಬೇಕಲ್ಲ, ಅದಕ್ಕೊಂದು ಉಪಾಯ ಮಾಡಿದ್ದರು: ನಮ್ಮ ಕ್ವಾರ್ಟರ್ಸಿನಿಂದ ದಾವಣಗೆರೆಗೆ ಎಸ್‌ಟಿಡಿ ಹಚ್ಚುವುದು, ಅಪ್ಪ ರಿಸೀವರನ್ನು ರೇಡಿಯೋದ ಬಾಯಿಗೆ ಹಿಡಿಯುವುದು, ಇಲ್ಲಿ ಅತ್ತೆ ಕಿವಿಗೊಟ್ಟು ಕೇಳುವುದು. ಆರ್.ಕೆ.ಪುರಂನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ನಾನು ಆಡಿದ ಮಾತು ಕರ್ನಾಟಕಕ್ಕೆ ಹೋಗಿ, ಅಪ್ಪನ ರೇಡಿಯೋ ಹೊಕ್ಕು, ಫೋನು ಹತ್ತಿ ಮತ್ತೆ ಆರ್.ಕೆ.ಪುರಂಗೇ ಬರಬೇಕು. ಯಜಮಾನರು ಒಂದು ಕಡೆ, ಆದಿತ್ಯ ಇನ್ನೊಂದು ಕಡೆ ರಿಸೀವರಿಗೆ ತಲೆ ತಾಗಿಸಿಕೊಂಡು ನಿಂತಿದ್ದರಂತೆ.

ಸ್ಟುಡಿಯೋ ಅಂದರೆ ಐಸು. ಯಂತ್ರಗಳಿಗೆ ತಂಪು ಬೇಕೆಂದು ಚಳಿಗಾಲದಲ್ಲೂ ಏಸಿ ಹಾಕಿಡುತ್ತಿದ್ದರು. ನಾನು ಶಾಲು ಹೊದ್ದು, ಬಳೆಯ ಸ್ವೆಟರು ತೊಟ್ಟು ಕೂತೆ. ಎದುರಿಗೆ ನಾನೇ ಅನುವಾದಿಸಿದ ಹಾಳೆಗಳು, ಬಲಗಡೆ ಕೆಮ್ಮು ಬಂದರೆ ಒತ್ತಿ ಧ್ವನಿ ನಿಲ್ಲಿಸುವ ಗುಂಡಿ. ಕೆಂಪು ದೀಪ ಹತ್ತಿತು. ನಾನು ಬಾಯಿ ತೆರೆದೆ. ಅಪ್ಪನ ಚೊಂಬಿಗೆ ಹೇಳಿ ಹೇಳಿ ಗಟ್ಟಿಯಾಗಿದ್ದ ಸಾಲು, ನನ್ನನ್ನು ಒಂದು ಮಾತೂ ಕೇಳದೆ, ತಾನಾಗಿ ಹೊರಟಿತು.

"ವಾರ್ತೆಗಳು. ಓದುತ್ತಿರುವವರು ತ್ರಿವಿಕ್ರಮ ರಾವ್."

ಹೇಳಿ ಮುಗಿಸಿದ ಮೇಲೆ ನನಗೇ ಕೇಳಿಸಿತು. ಗಾಬರಿಯಲ್ಲಿ ಕೆಮ್ಮಿನ ಗುಂಡಿಯನ್ನು ಗಟ್ಟಿಯಾಗಿ ಒತ್ತಿಹಿಡಿದೆ. ಆಡಿದ ಮಾತನ್ನು ಅದು ವಾಪಸ್ಸು ತರುತ್ತದೆಂದು ಆ ಕ್ಷಣ ನಂಬಿದ್ದೆನೋ ಏನೋ! ಗಾಜಿನಾಚೆ ಎಂಜಿನಿಯರು ಕೈ ಬೀಸುತ್ತಿದ್ದ. ಇಡೀ ಕರ್ನಾಟಕ ನಿಶ್ಶಬ್ದವಾಗಿತ್ತು. ಕೊನೆಗೆ ರಾಯರ ಮಾತು ನೆನಪಾಯಿತು, ತಪ್ಪಾದರೆ ಹಿಂತಿರುಗಿ ನೋಡಬೇಡ. ಗುಂಡಿ ಬಿಟ್ಟೆ, ಓದಿದೆ. ಒಂದಕ್ಷರ ತಪ್ಪಲಿಲ್ಲ. ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ತ್ರಿವಿಕ್ರಮ ರಾಯರಾಗಿ ನಾನು ಬಹಳ ಚೆನ್ನಾಗಿ ಓದಿದೆ.

ಕಾಲೆಳೆದುಕೊಂಡು ಕನ್ನಡ ಕೋಣೆಗೆ ಬಂದೆ. ಅಲ್ಲಿಯ ಗೋಡೆಯ ಸ್ಪೀಕರಿನಲ್ಲಿ ರಾಯರು ಎಲ್ಲ ಕೇಳಿದ್ದರು.

"ನಾನಿಲ್ಲಿ ಟೀ ಕುಡೀತಾ ಇದ್ದೆ, ಅಲ್ಲಿ ನಾನೇ ಸುದ್ದಿ ಓದ್ತಾ ಇದ್ದೆ" ಎಂದರು. "ಇಷ್ಟು ವರ್ಷದ ಸರ್ವೀಸಿನಲ್ಲಿ ಇಷ್ಟು ಆರಾಮಾಗಿ ಡ್ಯೂಟಿ ಮಾಡಿದ್ದು ಇದೇ ಮೊದಲು." ನಗಲಿಲ್ಲ. ಲೋಟ ಕೆಳಗಿಟ್ಟು, ಮಫ್ಲರು ಬಿಗಿದುಕೊಂಡು ಬಸ್ಸಿಗೆ ಹೊರಟುಹೋದರು. ನಾನು ಹೀಟರಿನ ಮುಂದೆ ಕೂತು ಅತ್ತುಬಿಟ್ಟೆ.

ಮನೆಯ ಕಥೆ ಇನ್ನೂ ಚೆಂದ. ಫೋನಿನಲ್ಲಿ 'ತ್ರಿವಿಕ್ರಮ ರಾವ್' ಎಂದು ಕೇಳಿಸಿದ್ದೇ ಅತ್ತೆ ಕೂಗಿಕೊಂಡರಂತೆ, "ಬೀಗರೇ, ಬೇರೆ ಯಾವುದೋ ಸ್ಟೇಷನ್ ಹಾಕಿದೀರಿ! ಇಲ್ಲಿ ಯಾರೋ ರಾಯರು ಓದ್ತಾ ಇದಾರೆ! ತಿರುಗಿಸಿ, ತಿರುಗಿಸಿ!" ಅಪ್ಪ, "ಧ್ವನಿ ನಮ್ಮ ವನೂದೇ ಅಲ್ವೇ ಅಮ್ಮಾ" ಎನ್ನುವಷ್ಟರಲ್ಲಿ ನನ್ನ ಆ ನಿಶ್ಶಬ್ದ ಬಂತು. ಸ್ಟೇಷನ್ನೇ ಹೋಯಿತೆಂದುಕೊಂಡು ಅಪ್ಪ ಮುಳ್ಳು ತಿರುಗಿಸಿದರು. ಬೀಗಿತ್ತಿಯ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ. ಆಮೇಲೆ ಎಷ್ಟು ತಿರುಗಿಸಿದರೂ ನಾನು ಸಿಗಲಿಲ್ಲ. ಬೀದಿಯವರೆಲ್ಲ ಯಾವುದೋ ತೆಲುಗು ಹರಿಕಥೆ ಕೇಳುತ್ತಾ ಕೇಸರಿಬಾತು ತಿಂದು ಎದ್ದರು.

ಸಂಜೆ ಅಪ್ಪನ ಫೋನು ಬಂತು. "ತಪ್ಪು ನಂದೇ ಕಣೇ. ಚೊಂಬು ಹಿಡಿಸಿ ಹೇಳಿಸಿದೋನು ನಾನೇ ಅಲ್ವಾ" ಎಂದರು. ಆಮೇಲೆ ನಗುತ್ತಾ, "ಪಕ್ಕದ ಮನೆ ಗಿರಿಜಮ್ಮ ಕೇಳಿದಳು, ವನೂ ಗಂಡನ ಹೆಸರಲ್ಲಿ ಓದಿದಳಲ್ಲ, ನಿಮ್ಮ ಅಳಿಯಂದ್ರು ಯಾವಾಗ ಹೆಸರು ಬದಲಾಯಿಸಿದ್ರು ಅಂತ." ನಾನೂ ನಕ್ಕೆ. "ಮತ್ತೆ ಯಾವಾಗ ಓದ್ತೀಯಾ?" ಅಂದರು. ಎರಡು ಸಲ ಕೇಳಿದರು, ಯಾಕೆಂದರೆ ನಾನು "ನೋಡೋಣಪ್ಪ" ಅಂದದ್ದು ಅವರಿಗೆ ಮೊದಲನೇ ಸಲ ಕೇಳಿಸಲಿಲ್ಲ. ಆದಿತ್ಯ ನನ್ನ ಮುಖ ನೋಡಿ, "ಮಮ್ಮಿ, ಅಬ್ ಆಪ್ ಅಂಕಲ್ ಹೋ ಕ್ಯಾ?" ಎಂದ. ಒಂದು ಏಟು ತಿಂದ.

ಸೋಮವಾರ ನಮ್ಮ ವಿಭಾಗದ ಅಧಿಕಾರಿ ಮಿಶ್ರಾ ಸಾಹೇಬರು ಕರೆಸಿದರು. ಕನ್ನಡ ಬಾರದ, ಆದರೆ ಹೆಸರು ಮಾತ್ರ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುವ ಮನುಷ್ಯ. "ಮೇಡಮ್, ನಿನ್ನೆ ನೀವು ತ್ರಿವಿಕ್ರಮ ರಾವ್ ಅಂದಿರಿ. ನಾಳೆ ಇನ್ನೊಬ್ಬರು ಬಂದು ಮೈಕಿನಲ್ಲಿ ನಾನೇ ರಾಷ್ಟ್ರಪತಿ ಅಂತಾರೆ. ನಾನೇನು ಮಾಡಲಿ?" ಎಂದು ಹಿಂದಿಯಲ್ಲಿ ಕೇಳಿದರು. ಜನವರಿಗೆ ನನಗೆ ಒಂದು ಡ್ಯೂಟಿಯೂ ಇಲ್ಲವೆಂದರು. ಆ ತಿಂಗಳು ಓದದಿದ್ದರೆ ಫೆಬ್ರವರಿಗೆ ಹೊಸಬರನ್ನು ಕರೆಯುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿದ ಹಾಗೆ. ಅಪ್ಪನಿಗೆ ಏನು ಹೇಳಲಿ? ಆ ವಾರ ಕ್ಯಾರೆಟ್ ಹಲ್ವಕ್ಕೆ ಉಪ್ಪು ಹಾಕಿದೆ. ಯಾರೂ ಏನೂ ಅನ್ನದೆ ತಿಂದರು.

ಹೊಸ ವರ್ಷ ಮಂಜಿನ ಜೊತೆ ಬಂತು. ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತರೆ ಎದುರಿನ ಬ್ಲಾಕು ಕಾಣುತ್ತಿರಲಿಲ್ಲ. ಹಾಲಿನ ಭಯ್ಯಾ ಬಂದರೆ ಮೊದಲು ಸೈಕಲ್ ಗಂಟೆ, ಆಮೇಲೆ ಕ್ಯಾನು, ಆಮೇಲೆ ಭಯ್ಯಾ. ಅಂಥ ಒಂದು ದಿನ ನಮ್ಮ ಮಾರ್ಕೆಟ್ಟಿನಲ್ಲಿ ಹೋಟೆಲಿಟ್ಟಿದ್ದ ಕುಂದಾಪುರದ ಕಡೆಯ ಉಪಾಧ್ಯರು ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟು.

"ನೀವು ರೇಡಿಯೋದಲ್ಲಿದ್ದೀರಂತಲ್ಲ ಮಾರಾಯ್ರೆ. ತ್ರಿವಿಕ್ರಮ ರಾಯರನ್ನು ಒಮ್ಮೆ ಕಾಣಬೇಕಿತ್ತು. ಅವರ ಗಂಟಲು ಹೇಗುಂಟು ಈಗ?"

"ಗಂಟಲಾ? ಚೆನ್ನಾಗೇ ಇದೆಯಲ್ಲ."

"ಎಂಥದ್ದು ಚೆನ್ನಾಗಿ! ಈಗ ಸರಿಯಾಗಿದ್ದರೂ ಮತ್ತೆ ಕೈಕೊಟ್ಟರೆ ಅಂತ ಅಮ್ಮ ಊರಲ್ಲಿ ಕೂತು ಕಣ್ಣೀರು ಹಾಕ್ತಾ ಇದ್ದಾಳೆ. ಹೋದ ತಿಂಗಳು ಒಂದು ಭಾನುವಾರ ಅವರ ಧ್ವನಿ ಪೂರಾ ಹೆಂಗಸಿನ ಹಾಗೆ ಆಗಿತ್ತಂತೆ. ಹೆಸರು ಹೇಳಿದ್ದೇ, ಪಾಪ, ಉಸಿರೇ ನಿಂತುಹೋಯಿತಂತೆ. ಆದರೂ ಆ ಮನುಷ್ಯ ಬಿಡದೆ ಪೂರ್ತಿ ವಾರ್ತೆ ಓದಿದನಲ್ಲ ಅಂತ. ಅದಕ್ಕೆ ಕಷಾಯದ ಪುಡಿ ಕಳಿಸಿದ್ದಾಳೆ, ನಮ್ಮ ಅಡಿಗೆಯವನ ಕೈಲಿ, ರೈಲಿನಲ್ಲಿ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ತಪ್ಪನ್ನು ಜನ ಹೀಗೆ ಅರ್ಥಮಾಡಿಕೊಂಡಿದ್ದಾರೆಂದು ನನಗೆ ಹೊಳೆದಿರಲೇ ಇಲ್ಲ! ಉಪಾಧ್ಯರನ್ನು ಕರೆದುಕೊಂಡೇ ರೇಡಿಯೋ ಕಟ್ಟಡಕ್ಕೆ ಹೋದೆ. ಡಿಸೆಂಬರಿನ ಆ ಭಾನುವಾರದಿಂದ ರಾಯರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರು ಗಂಟು ಬಿಚ್ಚಿ, ಮೂಸಿ, "ಯಾರು ಈ ತಾಯಿ?" ಎಂದು ಕೇಳಿದರು.

"ನಮ್ಮಮ್ಮ. ನಿಮಗೆ ಗೊತ್ತಿಲ್ಲ. ನೀವು ಬೆಳಿಗ್ಗೆ ವಾರ್ತೆ ಶುರು ಮಾಡಿದ ಮೇಲೇ ಅವಳು ಅಕ್ಕಿ ತೊಳೆಯೋದು, ನಾನು ಶಾಲೆಗೆ ಹೋಗುವಾಗಿನಿಂದ" ಎಂದರು ಉಪಾಧ್ಯರು.

ಗೋಡೆಗೆ ಓದುತ್ತೇವೆ ಅನ್ನುತ್ತಿದ್ದ ಮನುಷ್ಯ ಆ ಪುಡಿಯ ಗಂಟನ್ನು ಮತ್ತೆ ಮೊದಲಿನಂತೆಯೇ ಕಟ್ಟಿ ತಮ್ಮ ಬ್ಯಾಗಿನೊಳಗೆ ಇಟ್ಟುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ಪೀತಮ್‌ಪುರದ ಮನೆಗೆ ಬಳಗದವರ, ಬಳಗದವರ ಪರಿಚಯದವರ, ಯಾರೆಂದೇ ಗೊತ್ತಿಲ್ಲದವರ ಫೋನು. ಮರುದಿನದಿಂದಲೇ ರಾಯರು ಎಂದಿನ ಧ್ವನಿಯಲ್ಲಿ ಓದಿದ್ದರಲ್ಲ, ಅದು ತಮ್ಮ ಹರಕೆಯಿಂದಲೇ ಎಂದು ಮೂರು ಊರಿನವರು ಹೇಳಿಕೊಂಡರು. ಊರಿಂದ ಬಂದವರೆಲ್ಲ ಜ್ಯೇಷ್ಠಮಧು, ಹಿಪ್ಪಲಿ, ಮತ್ತೆ ಹಾಗಾಗದಿರಲೆಂದು ಪ್ರಸಾದ ತಂದರು. ರಾಯರ ಹೆಂಡತಿ ನನಗೆ ಫೋನು ಮಾಡಿ, "ಏನಮ್ಮಾ ನೀನು, ನಮ್ಮನೇನ ಗ್ರಂಥಿಗೆ ಅಂಗಡಿ ಮಾಡಿಬಿಟ್ಯಲ್ಲ! ಇವರು ಬಂದೋರ ಮುಂದೆಲ್ಲ ಸುಮ್ಸುಮ್ಮನೆ ಕೆಮ್ಮಿ ತೋರಿಸ್ತಾರೆ" ಎಂದರು. ರಾಯರು ನಿಜಕ್ಕೂ ಐದು ವರ್ಷ ಚಿಕ್ಕವರಾಗಿದ್ದರು. ಬಸ್ಸು ತಪ್ಪಿದರೂ ಗೊಣಗುತ್ತಿರಲಿಲ್ಲ.

ಒಂದು ದಿನ ನನ್ನನ್ನು ಕರೆದು, "ನೀನು ನನ್ನ ಹೆಸರು ಹಾಳು ಮಾಡಿದೆ ಅಂದ್ಕೊಂಡಿದ್ದೆ ಕಣಮ್ಮ. ಆ ಹೆಸರನ್ನ ಯಾರಾದರೂ ಕೇಳ್ತಾ ಇದಾರೆ ಅಂತ ನೀನೇ ತೋರಿಸಿಕೊಟ್ಟೆ" ಎಂದರು. ಅಪ್ಪನ ಕಿವಿಯ ವಿಷಯ ಆಗ ಅವರಿಗೆ ಹೇಳಿದೆ. ಮಿಶ್ರಾ ಸಾಹೇಬರ ಹತ್ತಿರ ಹೋಗಿ ನನ್ನ ಪರವಾಗಿ ಎರಡು ಸಲ ಕೇಳಿದರು. ಸಾಹೇಬರು ಎರಡು ಸಲವೂ "ದೇಖೇಂಗೆ", ನೋಡೋಣ, ಎಂದರು. ಸರಕಾರಿ ಆಫೀಸಿನಲ್ಲಿ ಅದರ ಅರ್ಥ ಏನೆಂದು ನಮ್ಮ ಯಜಮಾನರೇ ನನಗೆ ಬಿಡಿಸಿ ಹೇಳಿದರು. ಆ ಹೊತ್ತಿಗೆ ದಾವಣಗೆರೆಗೆ ಫೋನು ಮಾಡಿದರೆ ಅಣ್ಣ ನನ್ನ ಮಾತನ್ನು ಅಪ್ಪನ ಕಿವಿಯಲ್ಲಿ ಕೂಗಿ ಹೇಳಬೇಕಾಗುತ್ತಿತ್ತು.

ಜನವರಿಯ ಕೊನೆಯ ದಿನ. ರಾಯರ ಕೊನೆಯ ಸಂಜೆ ವಾರ್ತೆ. ಕನ್ನಡ ಕೋಣೆಯಲ್ಲಿ ಸಮೋಸ, ಹಾರ, ಎಲ್ಲ ಭಾಷೆಯವರೂ. ನನಗೆ ಮೊದಲೇ ಹೇಳಿದ್ದರು, "ಬಂದು ಕೂತಿರು. ಮೊಸರು ತಿಂದಿರಬೇಡ." ಯಾಕೆಂದು ಕೇಳಲಿಲ್ಲ. ಮನೆಯವರಿಗೆ ರಾಯರ ಕೊನೆಯ ವಾರ್ತೆ ಫೋನಿನಲ್ಲಿ ಕೇಳಿ ಅಂತ ಹೇಳಿ ಬಂದಿದ್ದೆ. ಅಪ್ಪನಿಗೂ ಅದೇ. ಅವರು ಬಲಗಿವಿಯನ್ನು ರೇಡಿಯೋಗೆ ಅಂಟಿಸಿಕೊಂಡೇ ಕೂತಿರುತ್ತಾರೆಂದು ಅಣ್ಣ ಹೇಳಿದ್ದ.

ವಾರ್ತೆಗೆ ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ರಾಯರು ಗಂಟಲು ಹಿಡಿದುಕೊಂಡರು. ಮಿಶ್ರಾ ಸಾಹೇಬರ ಮುಂದೆ ನಿಂತು ಬಾಯಿ ತೆರೆದರು, ಮುಚ್ಚಿದರು, ಕೈಯಾಡಿಸಿದರು. ಧ್ವನಿ ಹೋಗಿದೆ!

"ರಾವ್ ಸಾಬ್, ಯೇ ಕ್ಯಾ ನಾಟಕ್ ಹೈ?" ಸಾಹೇಬರು ಕೂಗಿದರು. "ಪೂರಾ ಕರ್ನಾಟಕ ನಿಮಗೋಸ್ಕರ ಕಾಯ್ತಾ ಇದೆ!"

ರಾಯರು ದುಃಖದಿಂದ ತಲೆಯಾಡಿಸಿ ನನ್ನತ್ತ ಬೆರಳು ತೋರಿಸಿದರು. ಅಷ್ಟರಲ್ಲಿ ಕ್ಯಾಂಟೀನಿನವನು ಟೀ ತಂದು ಅವರ ಲೋಟಕ್ಕೆ ಸಕ್ಕರೆ ಸುರಿಯಲು ಹೊರಟ. "ಚೀನೀ ಕಮ್, ಭಯ್ಯಾ, ಚೀನೀ ಕಮ್!" ಎಂದು ರಾಯರ ಕಂಠ ಕಾರಿಡಾರಿನ ಆ ತುದಿಯವರೆಗೂ ಮೊಳಗಿತು. ತಮಿಳರ ಕೋಣೆಯವರು ಇಣುಕಿ ನೋಡಿದರು. ಮಿಶ್ರಾ ಸಾಹೇಬರು ಕಿಟಕಿಯ ಕಡೆ ತಿರುಗಿದರು. ಹೊರಗೆ ಮಂಜಲ್ಲದೆ ಬೇರೇನೂ ಇರಲಿಲ್ಲ, ಆದರೂ ಬಹಳ ಹೊತ್ತು ಅದನ್ನೇ ನೋಡಿದರು. ಅವರ ಹೆಗಲು ಸಣ್ಣಗೆ ಕುಲುಕುತ್ತಿತ್ತು.

ತಿರುಗಿದಾಗ ಮುಖ ಗಂಭೀರವಾಗಿತ್ತು. "ಮೇಡಮ್, ಹಾಳೆ ತಗೊಳ್ಳಿ. ಮೇಲೆ ದೊಡ್ಡ ಅಕ್ಷರದಲ್ಲಿ ನಿಮ್ಮ ಹೆಸರು ಬರೀರಿ. ನನ್ನ ಎದುರಿಗೇ ಬರೀರಿ" ಎಂದರು.

ನಾನು ರಾಯರ ಮುಖ ನೋಡಿದೆ. ಅವರು ಹಾಳೆ ನನ್ನ ಮುಂದೆ ಸರಿಸಿ ಕನ್ನಡದಲ್ಲಿ ಪಿಸುಗುಟ್ಟಿದರು, "ಬರಿ ಬರಿ. ನಿಯಮ ನನ್ನದು, ಇವತ್ತಿಗೆ ರಿಟೈರಾಯ್ತು."

"ನಿಮ್ಮ ಕೊನೇ ವಾರ್ತೆ ರಾಯರೇ. ನಾನು ಹೇಗೆ ಓದಲಿ?" ನನಗೆ ಅಳು ತಡೆಯಲಾಗಲಿಲ್ಲ.

"ನನ್ನ ಹೆಸರು ನಾನು ಸಾಕಾಗುವಷ್ಟು ಹೇಳಿದೀನಿ, ಒಂದು ಸಲ ನೀನೂ ಹೇಳಿ ಮುಗಿಸಿದೀಯ. ನಿನ್ನದು ಕೇಳೋಕೆ ಅಲ್ಲೊಬ್ಬರು ಕಿವಿ ಹಿಡ್ಕೊಂಡು ಕೂತಿದಾರಲ್ಲ, ಅವರ ಕಿವಿ ನಮ್ಮ ಮಿಶ್ರಾ ಸಾಹೇಬರಿಗೋಸ್ಕರ ಕಾಯತ್ತೇನು? ಕಣ್ಣೊರೆಸಿಕೋ. ಅತ್ತ ಧ್ವನಿ ಮೈಕಿಗೆ ಗೊತ್ತಾಗಿಬಿಡತ್ತೆ. ಓಡು."

ಓಡಿದೆ. ಕೆಂಪು ದೀಪ ಹತ್ತಿತು. ಕಣ್ಣೆದುರಿಗೆ ನನ್ನ ಕೈಬರಹದ ಹೆಸರಿತ್ತು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟುಕೊಂಡು ಓದಿದೆ.

"ವಾರ್ತೆಗಳು. ಓದುತ್ತಿರುವವರು ವನಮಾಲಾ."

ಆಮೇಲಿನ ಸುದ್ದಿಗಳಲ್ಲಿ ಏನಿತ್ತೋ ಇವತ್ತಿಗೂ ನೆನಪಿಲ್ಲ. ಗಾಜಿನಾಚೆ ಎಂಜಿನಿಯರ ಪಕ್ಕ ರಾಯರು ಮಂಕಿ ಕ್ಯಾಪು ತೆಗೆದು ಕೂತಿದ್ದರು. ಮುಗಿಸಿ ಹೊರಗೆ ಬಂದರೆ ಕೊರಳಿನ ಹಾರ ತೆಗೆದು ಮೇಜಿನ ಮೇಲಿಡುತ್ತಾ, "ಎರಡನೇ ಸುದ್ದಿ ಸ್ವಲ್ಪ ಓಡ್ತು. ಪರವಾಗಿಲ್ಲ" ಎಂದರು. ಅಷ್ಟು ಹೇಳಿ ಮೂಗು ಒರೆಸಿಕೊಂಡರು.

ಕನ್ನಡ ಕೋಣೆಯ ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು. ಅತ್ತೆಯದು.

"ಕೇಳಿಸ್ತಾ ಅತ್ತೆ? ಅಪ್ಪನಿಗೆ ಕೇಳಿಸ್ತಂತಾ?"

"ನಿನ್ನ ಹೆಸರು ಕೇಳಿಸ್ತು ಕಣೇ, ಸ್ಪಷ್ಟವಾಗಿ ಕೇಳಿಸ್ತು" ಎಂದರು ಅತ್ತೆ. "ಆಮೇಲೆ ಸುದ್ದಿ ಒಂದಕ್ಷರ ಕೇಳಿಸಲಿಲ್ಲ. ಹತ್ತು ನಿಮಿಷ ಪೂರ್ತಿ ನಿಮ್ಮಪ್ಪ ಅಳೋದೇ ಕೇಳಿಸಿದ್ದು. ನಾನೂ ಫೋನ್ ಇಡಲಿಲ್ಲ."